ಸಹಿ ಹಾಕಲಾಗದವರ ಪರವಾಗಿ ಸಹಿ ಯಾರದು?

ಕೋಮಾಕ್ಕೆ ಹೋದವರು, ಮರೆವಿನ ಕಾಯಿಲೆ ಬಂದವರು, ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕ ಮಕ್ಕಳು. ಇವರ ಹಣ, ಆಸ್ತಿಯನ್ನು ನೋಡಿಕೊಳ್ಳುವ ಅಧಿಕಾರ ಯಾರಿಗೆ, ಅದನ್ನು ಪಡೆಯುವುದು ಎಲ್ಲಿ ಎಂದು ಕೇಳಿ ಬಂದ ಪತ್ರಗಳಲ್ಲಿ ಆರಕ್ಕೆ ಈ ಸಲ ಉತ್ತರ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ನಾಲ್ಕು ತಿಂಗಳಿಂದ ಪ್ರಜ್ಞೆ ಇಲ್ಲ. ಆಸ್ಪತ್ರೆಗಾಗಿ ಒಡವೆ ಅಡವಿಟ್ಟಾಯಿತು. ಅವರೊಬ್ಬರ ಹೆಸರಲ್ಲೇ ಎಫ್‌ಡಿ, ಒಂದು ಸೈಟು ಇವೆ. ನಾಮಿನಿ ನಾನೇ. ಆದರೂ ಬ್ಯಾಂಕಿನವರು ಕೋರ್ಟ್ ಆರ್ಡರ್ ತನ್ನಿ ಅನ್ನುತ್ತಾರೆ. ಯಾವ ಕೋರ್ಟು? (ಹಾಸನ)

ಬ್ಯಾಂಕಿನವರು ಹೇಳುವುದು ಕಟುವಾಗಿ ಕಂಡರೂ ತಪ್ಪಲ್ಲ. ನಾಮಿನಿಗೆ ಹಕ್ಕು ಹುಟ್ಟುವುದು ಖಾತೆದಾರರು ತೀರಿಕೊಂಡ ಮೇಲೆ. ಅವರು ಬದುಕಿರುವಾಗ ಹೆಂಡತಿಯಾಗಲಿ ಮಗನಾಗಲಿ ಕಾನೂನಿನ ಕಣ್ಣಿಗೆ ಮೂರನೆಯವರೇ. ತಹಶೀಲ್ದಾರರ ಪತ್ರ, ನೋಟರಿ ಪ್ರಮಾಣಪತ್ರ ಇದಕ್ಕೆ ಸಾಲದು.

ಯಾವ ಕೋರ್ಟು ಎಂಬಲ್ಲೇ ಬಹಳ ಜನ ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಅಪ್ರಾಪ್ತರಿಗೆ ಮಾತ್ರ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ಆಸ್ತಿಗೆ ಮ್ಯಾನೇಜರನ್ನು ನೇಮಿಸುವ ಅಧ್ಯಾಯವೊಂದಿತ್ತು. ಅದರ ಬದಲಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಚಿಕಿತ್ಸೆಯ ವಿಚಾರಕ್ಕೆ ನಾಮನಿರ್ದೇಶಿತ ಪ್ರತಿನಿಧಿಯನ್ನು ಕೊಟ್ಟಿತೇ ಹೊರತು ಆಸ್ತಿಯ ಮಾತೇ ಎತ್ತಲಿಲ್ಲ. ಹಳೆಯ ಕಾಯ್ದೆಯ ಕಲಂ ಹಾಕಿ ಈಗಲೂ ಜಿಲ್ಲಾ ಕೋರ್ಟಿನಲ್ಲಿ ಅರ್ಜಿ ಸಲ್ಲಿಸುವವರಿದ್ದಾರೆ. ಅದು ವಜಾ ಆಗುವ ಸಾಧ್ಯತೆಯೇ ಹೆಚ್ಚು. ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಸೀಮಿತ. ಕೋಮಾ ಇದ್ಯಾವುದರಲ್ಲೂ ಇಲ್ಲ.

ಹಾಗಾಗಿ ಉಳಿಯುವುದು ಸಂವಿಧಾನದ 226ನೇ ವಿಧಿಯ ಕೆಳಗೆ ಹೈಕೋರ್ಟಿಗೆ ರಿಟ್ ಅರ್ಜಿ. ತನ್ನನ್ನು ತಾನು ನೋಡಿಕೊಳ್ಳಲಾಗದ ಪ್ರಜೆಗೆ ಪ್ರಭುತ್ವವೇ ಪೋಷಕ ಎಂಬ ಹಳೆಯ ತತ್ತ್ವದ ಮೇಲೆ ಹೈಕೋರ್ಟುಗಳು ಪಾಲಕರನ್ನು ನೇಮಿಸುತ್ತಿವೆ. ಕೇರಳ ಹೈಕೋರ್ಟು 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಇದಕ್ಕೆ ಮಾರ್ಗಸೂಚಿ ಹಾಕಿಕೊಟ್ಟಿತು. ಬೇರೆ ರಾಜ್ಯದ ತೀರ್ಪು ಇಲ್ಲಿ ಕಟ್ಟುನಿಟ್ಟಾಗಿ ಅನ್ವಯಿಸದಿದ್ದರೂ ಅರ್ಜಿ ಬರೆಯಲು ಅದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಇಲ್ಲ. 2024ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ನಿಮ್ಮಂಥದ್ದೇ ಸಂಗತಿ ಬಂತು. ಏಕಸದಸ್ಯ ಪೀಠ ಸಿವಿಲ್ ಕೋರ್ಟಿಗೆ ಹೋಗಿ ಅಂದಿತ್ತು. ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿ ಪತ್ನಿಯನ್ನೇ ಪಾಲಕಿಯಾಗಿ ನೇಮಿಸಿ ಆಸ್ತಿ ಮಾರಲು ಒಪ್ಪಿತು. ಬಂದ ಹಣದಲ್ಲಿ 50 ಲಕ್ಷ ರೂಪಾಯಿಯನ್ನು ಗಂಡನ ಹೆಸರಲ್ಲಿ ಠೇವಣಿ ಇಟ್ಟು ಬಡ್ಡಿ ಮಾತ್ರ ಬಳಸಬೇಕೆಂಬ ಷರತ್ತಿನ ಮೇಲೆ. ಈ ಎರಡೂ ತೀರ್ಪುಗಳ ಪ್ರತಿ ಅರ್ಜಿಯ ಜೊತೆ ಇರಲಿ. ಹಾಸನ ಜಿಲ್ಲೆಗೆ ಬೆಂಗಳೂರಿನ ಪ್ರಧಾನ ಪೀಠವೇ.

ವಕೀಲರ ಬಳಿ ಹೋಗುವ ಮೊದಲು ಕೂಡಿಸಬೇಕಾದ್ದು: ಅಪಘಾತದ ಎಫ್‌ಐಆರ್, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ನರರೋಗ ತಜ್ಞರ ಇತ್ತೀಚಿನ ಪ್ರಮಾಣಪತ್ರ. 'ರೋಗಿ ಚಿಕಿತ್ಸೆಯಲ್ಲಿದ್ದಾರೆ' ಎಂದಷ್ಟೇ ಬರೆದ ಪತ್ರ ಪ್ರಯೋಜನವಿಲ್ಲ. ಯಾವ ದಿನ ಪರೀಕ್ಷಿಸಿದರು, ವ್ಯವಹಾರ ಅರಿಯುವ ಶಕ್ತಿ ಇದೆಯೆ, ಸುಧಾರಿಸುವ ಸಾಧ್ಯತೆ ಎಷ್ಟು ಎಂಬ ಮೂರೂ ಅದರಲ್ಲಿರಬೇಕು. ಮದುವೆಯ ದಾಖಲೆ, ವಂಶವೃಕ್ಷ, ಅತ್ತೆ ಮಾವ ಮತ್ತು ವಯಸ್ಕ ಮಕ್ಕಳ ಒಪ್ಪಿಗೆಯ ಪ್ರಮಾಣಪತ್ರ ಬೇಕು. ಸೈಟಿನ ಕ್ರಯಪತ್ರ, ಖಾತಾ, ಋಣಭಾರ ಪತ್ರ ಬೇಕು. ಈವರೆಗಿನ ಬಿಲ್ಲುಗಳು, ಸಾಲದ ಚೀಟಿ, ತಿಂಗಳ ಖರ್ಚಿನ ಅಂದಾಜು ಇರಲಿ. ಇವೆಲ್ಲದಕ್ಕಿಂತ ಮೊದಲು ಬ್ಯಾಂಕಿಗೆ ಲಿಖಿತ ಮನವಿ ಕೊಟ್ಟು, 'ಆಗುವುದಿಲ್ಲ' ಎಂಬ ಉತ್ತರವನ್ನು ಲಿಖಿತದಲ್ಲೇ ತೆಗೆದುಕೊಳ್ಳಿ. ಬಾಯಿಮಾತಿನ ನಿರಾಕರಣೆ ಹಿಡಿದು ರಿಟ್ ಅರ್ಜಿ ನಿಲ್ಲಿಸುವುದು ಕಷ್ಟ.

ಅರ್ಜಿಯಲ್ಲಿ ಸರ್ಕಾರ, ಬ್ಯಾಂಕು, ಸಂಬಂಧಪಟ್ಟ ಸಬ್ ರಿಜಿಸ್ಟ್ರಾರ್, ಹತ್ತಿರದ ವಾರಸುದಾರರೆಲ್ಲರೂ ಪ್ರತಿವಾದಿಗಳಾಗಿರಲಿ. ಮೈದುನನ ಜೊತೆ ಮಾತಿಲ್ಲವೆಂದು ಅವರ ಮನೆಯವರ ಸುದ್ದಿಯೇ ಬಾರದಂತೆ ಅರ್ಜಿ ಬರೆದರೆ ನಾಳೆ ಅದೇ ಆದೇಶ ರದ್ದತಿಗೆ ಕಾರಣವಾಗುತ್ತದೆ. ಆಮೇಲೆ ಕೋರ್ಟು ನರರೋಗ ತಜ್ಞರಿರುವ ವೈದ್ಯಕೀಯ ಮಂಡಳಿಯಿಂದ ವರದಿ ಕೇಳಬಹುದು. ಕೇರಳದ ಮಾರ್ಗಸೂಚಿಯಂತೆ ತಹಶೀಲ್ದಾರರಿಗಿಂತ ಕಡಿಮೆಯಲ್ಲದ ಕಂದಾಯ ಅಧಿಕಾರಿ ಮನೆಗೆ ಬಂದು ಕುಟುಂಬದ ಸ್ಥಿತಿ, ಆಸ್ತಿ ಪರಿಶೀಲಿಸಿ ವರದಿ ಕೊಡುವುದೂ ಉಂಟು. ತುರ್ತು ಚಿಕಿತ್ಸೆಯಿದ್ದರೆ ಎಫ್‌ಡಿಯಿಂದ ಆಸ್ಪತ್ರೆಗೆ ನೇರ ಪಾವತಿಗಷ್ಟೇ ಮಧ್ಯಂತರ ಆದೇಶ ಕೇಳಿ. ಅದು ಬೇಗ ಸಿಗುವ ಸಾಧ್ಯತೆ ಹೆಚ್ಚು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಜಿಯ ಕೊನೆಯಲ್ಲಿ ಬರುವ 'ಪ್ರಾರ್ಥನೆ'. 'ಪಾಲಕಿಯಾಗಿ ನೇಮಿಸಬೇಕು' ಎಂದಷ್ಟೇ ಬರೆದು, ಅಷ್ಟೇ ಆದೇಶ ಪಡೆದು ಬ್ಯಾಂಕಿಗೆ ಹೋದವರು ಮತ್ತೆ ಕೋರ್ಟಿಗೆ ಹೋಗುತ್ತಾರೆ. ಪಾಲಕತ್ವ ನಿರ್ದಿಷ್ಟ ಆಸ್ತಿ, ನಿರ್ದಿಷ್ಟ ಖಾತೆಗಳಿಗೆ ಮಾತ್ರ ಕೊಡುವಂಥದ್ದು. ಪ್ರತಿ ಖಾತೆಯ ಸಂಖ್ಯೆ, ಶಾಖೆ, ಎಫ್‌ಡಿ ರಸೀದಿ ಸಂಖ್ಯೆ, ಲಾಕರ್, ಮ್ಯೂಚುವಲ್ ಫಂಡ್ ಫೋಲಿಯೊ, ಸೈಟಿನ ಚಕ್ಕುಬಂದಿ ಸಹಿತ ವಿವರ ಷೆಡ್ಯೂಲಿನಲ್ಲಿ (ಅರ್ಜಿಯ ಆಸ್ತಿಪಟ್ಟಿಯಲ್ಲಿ) ಇರಬೇಕು. ಏನು ಮಾಡುವ ಅಧಿಕಾರ ಬೇಕೋ ಅದನ್ನೂ ಒಂದೊಂದಾಗಿ ಬರೆಸಿ: ಖಾತೆ ನಡೆಸಲು, ಎಫ್‌ಡಿ ಅವಧಿಗೆ ಮುನ್ನ ಮುರಿಸಲು, ಮೊಬೈಲ್ ಸಂಖ್ಯೆ ಬದಲಿಸಲು (ಒಟಿಪಿ ಎಲ್ಲಾ ಅವರ ಸಿಮ್ಮಿಗೇ ಬರುತ್ತದಲ್ಲ), ಅಪಘಾತ ಪರಿಹಾರದ ಹಣ ಪಡೆಯಲು, ಅವರ ಆದಾಯ ತೆರಿಗೆ ವಿವರ ಸಲ್ಲಿಸಲು. ಸೈಟು ಮಾರುವುದಾದರೆ 'ಮಾರಲು' ಎಂಬ ಮಾತು ಇರಲೇಬೇಕು. 'ನಿರ್ವಹಿಸಲು' ಎಂದರೆ ಸಬ್ ರಿಜಿಸ್ಟ್ರಾರ್ ಒಪ್ಪುವುದಿಲ್ಲ, ಕೊಳ್ಳುವವರ ವಕೀಲರಂತೂ ಒಪ್ಪುವುದೇ ಇಲ್ಲ. ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಕಡಿಮೆಗೆ ಮಾರುವುದಿಲ್ಲ, ಹಣ ಗಂಡನ ಖಾತೆಗೇ ಬರುತ್ತದೆ ಎಂದು ನೀವಾಗಿಯೇ ಬರೆದುಕೊಟ್ಟರೆ ನ್ಯಾಯಾಧೀಶರ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ಆದೇಶ ಬಂದ ಮೇಲೆ ದೃಢೀಕೃತ ಪ್ರತಿಗಳನ್ನು ಧಾರಾಳವಾಗಿ ತೆಗೆಸಿ, ಬ್ಯಾಂಕು ರಿಜಿಸ್ಟ್ರಾರ್ ಕಚೇರಿ ಎರಡೂ ಮೂಲ ಮೊಹರು ಇರುವ ಪ್ರತಿ ಕೇಳುತ್ತವೆ. ಕ್ರಯಪತ್ರದಲ್ಲಿ ಮಾರುವವರು ನಿಮ್ಮ ಗಂಡ, ನೀವು ಆದೇಶದ ಸಂಖ್ಯೆ ಮತ್ತು ದಿನಾಂಕದ ಮೇಲೆ ಅವರ ಪರ ಸಹಿ ಮಾಡುವವರು. ಪ್ಯಾನ್ ಅವರದ್ದು, ಮಾರಾಟದ ಲಾಭದ ತೆರಿಗೆಯೂ ಅವರ ಲೆಕ್ಕಕ್ಕೆ. ಇ-ಫೈಲಿಂಗ್ ಪೋರ್ಟಲಿನಲ್ಲಿ ಅವರ ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಿ. ಆರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುವ ಷರತ್ತು ಕೇರಳ ಮಾದರಿಯಲ್ಲಿದೆ. ನಿಮ್ಮ ಆದೇಶದಲ್ಲಿ ಇರಲಿ ಬಿಡಲಿ, ಒಂದು ಬೇರೆ ಪುಸ್ತಕದಲ್ಲಿ ಜಮಾಖರ್ಚು ಬರೆದು ಬಿಲ್ಲು ಅಂಟಿಸಿಡಿ.

ಒಂದು ಮಾತು. ಗಂಡನ ಎಟಿಎಂ ಕಾರ್ಡಿನ ಪಿನ್ ಗೊತ್ತಿದೆಯೆಂದು ದಿನಾ ಹತ್ತು ಸಾವಿರದಂತೆ ತೆಗೆಯುತ್ತಿರುವವರು ಬಹಳ. ಯಾರೂ ತಡೆಯುವುದಿಲ್ಲ, ನಿಜ. ಆದರೆ ಕೋರ್ಟಿನಲ್ಲಿ ಖಾತೆಯ ಸ್ಟೇಟ್‌ಮೆಂಟ್ ಹಾಜರುಪಡಿಸುವ ದಿನ ಆ ಹಣದ ಒಂದೊಂದು ರೂಪಾಯಿಗೂ ಉತ್ತರ ಕೊಡಬೇಕಾದವರು ನೀವು.

ಪ್ರಶ್ನೆ: ತಾಯಿಗೆ 76 ವರ್ಷ. ಮರೆವಿನ ಕಾಯಿಲೆ ಶುರುವಾಗಿದೆ, ಕೆಲವು ದಿನ ಸರಿಯಾಗೇ ಇರುತ್ತಾರೆ. ಹಿಂದೆಯೇ ನನಗೆ ನೋಂದಾಯಿತ ಜಿಪಿಎ (ಅವರ ಪರವಾಗಿ ವ್ಯವಹರಿಸಲು ಮುಕ್ತಿಯಾರು ಪತ್ರ) ಕೊಟ್ಟಿದ್ದಾರೆ. ಅದರ ಮೇಲೆ ಮನೆ ಮಾರಬಹುದೆ? (ಹುಬ್ಬಳ್ಳಿ)

ಇವತ್ತು ಅವರಿಗೆ ತಿಳಿವಳಿಕೆ ಇದ್ದರೆ ಮಾರಬಹುದು, ತಪ್ಪಿದ್ದರೆ ಆಗದು. ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದೊಡನೆ ಏಜೆಂಟನ ಅಧಿಕಾರವೂ ಮುಗಿಯುತ್ತದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಬುದ್ಧಿ ಹೋದ ಮೇಲೂ ಊರ್ಜಿತವಾಗಿ ಉಳಿಯುವ ಮುಕ್ತಿಯಾರು ಪತ್ರ ಉಂಟು. ನಮ್ಮಲ್ಲಿ ಅದಕ್ಕೆ ಕಾನೂನು ಇಲ್ಲ. ಇಷ್ಟು ವಯಸ್ಸಾದವರಿರುವ ದೇಶದಲ್ಲಿ ಇದು ದೊಡ್ಡ ಕೊರತೆ. ಯಾವ ವಕೀಲರು 'ಅಮ್ಮನ ಸ್ಥಿತಿ ಬರೆಯದೆ ಜಿಪಿಎ ಮೇಲೆ ಮುಗಿಸೋಣ' ಅನ್ನುತ್ತಾರೋ ಅವರಿಂದ ದೂರವಿರಿ. ನಾಳೆ ಒಡಹುಟ್ಟಿದವರು ಯಾರಾದರೂ ಆಸ್ಪತ್ರೆಯ ಚೀಟಿ ಹಿಡಿದು ಬಂದ ದಿನ ಕ್ರಯಪತ್ರವೇ ಅಲುಗಾಡುತ್ತದೆ.

ಆದರೆ ನಿಮಗಿನ್ನೂ ಸಮಯವಿದೆ. ಅದೇ ಕಾಯ್ದೆಯ 12ನೇ ಕಲಂ, ಸಾಮಾನ್ಯವಾಗಿ ಸ್ಥಿಮಿತವಿಲ್ಲದವರು ಸ್ಥಿಮಿತದಲ್ಲಿದ್ದ ಹೊತ್ತಿನಲ್ಲಿ ಕರಾರು ಮಾಡಬಹುದು ಅನ್ನುತ್ತದೆ. ಉಯಿಲಿಗೂ ಇದೇ ನಿಯಮ. ಆದ್ದರಿಂದ ಜಿಪಿಎ ಬದಿಗಿಟ್ಟು ತಾಯಿಯೇ ಸಹಿ ಮಾಡುವಂತೆ ನೋಡಿ. ಮನೋವೈದ್ಯರು ಅಥವಾ ನರರೋಗ ತಜ್ಞರು ಅದೇ ದಿನ ಪರೀಕ್ಷಿಸಿ, ಈ ದಸ್ತಾವೇಜಿನ ಅರ್ಥ ಅವರಿಗೆ ತಿಳಿಯುತ್ತದೆ ಎಂದು ಬರೆದುಕೊಡಲಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಓಡಾಡಲಾಗದಿದ್ದರೆ ನೋಂದಣಿ ಕಾಯ್ದೆಯ 31ನೇ ಕಲಮಿನಂತೆ ಸಬ್ ರಿಜಿಸ್ಟ್ರಾರರು ಮನೆಗೇ ಬಂದು ನೋಂದಾಯಿಸಲು ಅರ್ಜಿ ಕೊಡಬಹುದು. ಸಾಕ್ಷಿಗಳು ಲಾಭ ಪಡೆಯುವವರಾಗದಿರಲಿ. ನೀವು ಆ ಹೊತ್ತಿನಲ್ಲಿ ಕೋಣೆಯಲ್ಲಿ ಇರದಿದ್ದರೆ ಇನ್ನೂ ಒಳ್ಳೆಯದು.

ಮನೆಗಿಂತ ಮೊದಲು ಖಾತೆ ನೋಡಿ. ತಾಯಿಯ ಉಳಿತಾಯ ಖಾತೆ ಮತ್ತು ಠೇವಣಿಗಳನ್ನು ಈಗಲೇ 'ಇಬ್ಬರಲ್ಲೊಬ್ಬರು ಅಥವಾ ಉಳಿದವರು' ಎಂಬ ಜಂಟಿ ಖಾತೆಯಾಗಿ ಮಾಡಿಸಿಕೊಂಡರೆ ದಿನದ ಖರ್ಚಿಗೆ ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಬುದ್ಧಿ ಸರಿಯಿದ್ದು ಕೈ ಮಾತ್ರ ಆಡದವರಿಗೆ ರಿಸರ್ವ್ ಬ್ಯಾಂಕಿನ ಸುಲಭದ ನಿಯಮವೇ ಇದೆ: ಹೆಬ್ಬೆರಳ ಗುರುತು, ಅದಾಗದಿದ್ದರೆ ಕಾಲ್ಬೆರಳ ಗುರುತು, ಅದೂ ಆಗದಿದ್ದರೆ ಯಾವುದಾದರೊಂದು ಗುರುತು. ಸಾಕ್ಷಿ ಇಬ್ಬರು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. ಶಾಖೆಯವರು ಗೊತ್ತಿಲ್ಲ ಅಂದರೆ ಲಿಖಿತವಾಗಿ ಕೇಳಿ.

ಕಾಯಿಲೆ ಬಲಿತು ತಿಳಿವಳಿಕೆ ಪೂರ್ತಿ ಹೋದರೆ ಮೇಲೆ ಹೇಳಿದ ರಿಟ್ ಮಾರ್ಗವೇ, ಧಾರವಾಡ ಪೀಠದಲ್ಲಿ. ಜಿಲ್ಲಾ ನ್ಯಾಯಾಲಯದಿಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಂ ಕೆಳಗೆ 'ಸೀಮಿತ ಪಾಲಕತ್ವ' ಪಡೆಯಲೂ ಅವಕಾಶವಿದೆ. ಆದರೆ ಅದು ಇಂಥ ನಿರ್ಧಾರಕ್ಕೆ, ಇಷ್ಟು ಅವಧಿಗೆ, ಆ ವ್ಯಕ್ತಿಯ ಇಚ್ಛೆಗೆ ಅನುಸಾರವಾಗಿ, ಅವರೊಡನೆ ಸಮಾಲೋಚಿಸಿ ಎಂಬ ವ್ಯವಸ್ಥೆ. ಅರ್ಧ ತಿಳಿವಳಿಕೆ ಉಳಿದವರಿಗೆ ಹೊಂದುತ್ತದೆ, ಪೂರ್ತಿ ಪ್ರಜ್ಞೆ ಇಲ್ಲದವರಿಗೆ ಎಳೆದು ಹೊಲಿದ ಅಂಗಿ.

ಪ್ರಶ್ನೆ: ಮಗನಿಗೆ ಡೌನ್ ಸಿಂಡ್ರೋಮ್. ಈಗ 18 ತುಂಬಿತು. ಹೆತ್ತವರಾದ ನಾವೇ ಅವನ ಗಾರ್ಡಿಯನ್ ಅಲ್ಲವೆ? ಬ್ಯಾಂಕು ಯಾಕೆ ಸರ್ಟಿಫಿಕೇಟ್ ಕೇಳುತ್ತದೆ? ನಮ್ಮ ಕಾಲದ ನಂತರ ಏನು? (ಉಡುಪಿ)

18ನೇ ಹುಟ್ಟುಹಬ್ಬದ ದಿನ ಅಪ್ಪ ಅಮ್ಮನ ಸಹಜ ಪಾಲಕತ್ವ ಮುಗಿಯುತ್ತದೆ. ಮಗನ ಬೌದ್ಧಿಕ ಅಂಗವೈಕಲ್ಯ ಅದನ್ನು ತಾನಾಗಿ ಮುಂದುವರಿಸುವುದಿಲ್ಲ. ನಿಮಗೆ ಹೈಕೋರ್ಟು ಬೇಡ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಸ್ಥಳೀಯ ಮಟ್ಟದ ಸಮಿತಿ ಸಾಕು. ಅದರಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಅಂಗವೈಕಲ್ಯವಿರುವ ಒಬ್ಬರು ಇರುತ್ತಾರೆ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

'ಎ' ನಮೂನೆಯಲ್ಲಿ ಅರ್ಜಿ. ಜೊತೆಗೆ ಅಂಗವೈಕಲ್ಯ ಪ್ರಮಾಣಪತ್ರ ಅಥವಾ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು, ಜನನ ಪ್ರಮಾಣಪತ್ರ, ಇಬ್ಬರ ಗುರುತಿನ ದಾಖಲೆ, ವಿಳಾಸದ ದಾಖಲೆ, ಫೋಟೊ. ಪಾಲಕರು ಬೇಕೆ, ಬೇಕಾದರೆ ಯಾವ ಕೆಲಸಕ್ಕೆ ಎಂಬ ಎರಡನ್ನೂ ಸಮಿತಿ ನೋಡಬೇಕು. ಒಪ್ಪಿದರೆ 'ಬಿ' ನಮೂನೆಯಲ್ಲಿ ನೇಮಕ. ಬ್ಯಾಂಕುಗಳು ಈ ಪತ್ರವನ್ನು ನಂಬಿ ಖಾತೆ ತೆರೆದು ನಡೆಸಬಹುದೆಂದು ರಿಸರ್ವ್ ಬ್ಯಾಂಕು ಸೂಚಿಸಿದೆ. ನೇಮಕವಾದ 6 ತಿಂಗಳಲ್ಲಿ ಮಗನ ಆಸ್ತಿ ಮತ್ತು ಸಾಲದ ಪಟ್ಟಿ, ಪ್ರತಿ ಹಣಕಾಸು ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕಪತ್ರ ಸಮಿತಿಗೆ ಕೊಡಬೇಕು. ಎಷ್ಟೋ ಹೆತ್ತವರು ಇದನ್ನು ಮರೆತೇಬಿಡುತ್ತಾರೆ. ಮಗನ ಹೆಸರಲ್ಲಿ ಒಂದು ಸಣ್ಣ ಎಫ್‌ಡಿಯಷ್ಟೇ ಇದ್ದರೂ ಒಂದು ಪುಟದ ಲೆಕ್ಕ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ಥಿರಾಸ್ತಿ ಮಾರುವ ಸಂದರ್ಭ ಬಂದರೆ ಈ ಪತ್ರವೊಂದನ್ನೇ ನೆಚ್ಚದೆ ಕೋರ್ಟಿನ ಅನುಮತಿ ಪಡೆಯುವುದು ಸುರಕ್ಷಿತ.

ನಿಮ್ಮ ನಂತರಕ್ಕೆ: ಉಯಿಲಿನಲ್ಲಿ 'ನನ್ನ ಮಗಳು ಇವನ ಗಾರ್ಡಿಯನ್' ಎಂದು ಬರೆದರೆ ಅದು ನೇಮಕವಾಗದು, ಸಮಿತಿಗೆ ನಿಮ್ಮ ಇಚ್ಛೆ ತಿಳಿಸುತ್ತದೆ ಅಷ್ಟೆ. ಆಗ ಮಗಳು ಹೊಸದಾಗಿ ಅರ್ಜಿ ಹಾಕಬೇಕು. ಮನೆಯನ್ನು ನೇರವಾಗಿ ಮಗನ ಹೆಸರಿಗೆ ಬರೆಯುವುದನ್ನು ನಾವು ಸಲಹೆ ಮಾಡುವುದಿಲ್ಲ. ನಾಳೆ ಬಾಡಿಗೆ ಕರಾರಿನಿಂದ ಹಿಡಿದು ಸಾಲದವರೆಗೆ ಎಲ್ಲದಕ್ಕೂ ಪಾಲಕರ ಸಹಿ, ಅನುಮತಿ ಎಂಬ ಅಲೆದಾಟ. ಅವನ ಉಪಯೋಗಕ್ಕೆಂದು ಖಾಸಗಿ ಟ್ರಸ್ಟ್ ಪತ್ರ ಮಾಡಿ, ಕುಟುಂಬದ ಒಬ್ಬರು ಮತ್ತು ಹೊರಗಿನ ಒಬ್ಬರನ್ನು ಟ್ರಸ್ಟಿಗಳಾಗಿಸಿ, ಒಬ್ಬರು ತೀರಿಕೊಂಡರೆ ಮುಂದಿನವರು ಯಾರೆಂದೂ ಬರೆಯಿರಿ. ನೀವು ಕೇಂದ್ರ ಸರ್ಕಾರದ ನೌಕರರಾಗಿದ್ದರೆ ಮಗನ ಕುಟುಂಬ ಪಿಂಚಣಿ ಪಡೆಯುವವರನ್ನು ನೀವು ಬದುಕಿರುವಾಗಲೇ ನಾಮನಿರ್ದೇಶನ ಮಾಡಿ. ಹಾಗೆ ಮಾಡಿದ್ದರೆ ಬ್ಯಾಂಕು ಕೋರ್ಟಿನ ಪಾಲಕತ್ವ ಪತ್ರ ಕೇಳುವಂತಿಲ್ಲ. ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯೂ ಇದೆ, 1 ಲಕ್ಷ ರೂಪಾಯಿವರೆಗೆ.

ಪ್ರಶ್ನೆ: ಅಣ್ಣಂದಿರು ಜಮೀನಿನ ಭಾಗಕ್ಕೆ ದಾವೆ ಹಾಕಿದ್ದಾರೆ. ಕಿರಿಯ ತಮ್ಮನಿಗೆ ಸ್ಕಿಜೋಫ್ರೇನಿಯಾ, ನೋಟಿಸ್ ಬಂದರೂ ಅವನಿಗೆ ತಿಳಿಯುವುದಿಲ್ಲ. (ಮಂಡ್ಯ)

ದಾವೆಯ ಮಟ್ಟಿಗೆ ಬೇರೆ ಪಾಲಕತ್ವದ ಆದೇಶ ಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 32, ನಿಯಮ 15ರ ಕೆಳಗೆ ಅದೇ ನ್ಯಾಯಾಲಯ ವೈದ್ಯಕೀಯ ದಾಖಲೆ ನೋಡಿ, ವಿಚಾರಣೆ ಮಾಡಿ ಅವನಿಗೆ ದಾವೆಯ ಪಾಲಕರನ್ನು ನೇಮಿಸುತ್ತದೆ. ಸ್ಕಿಜೋಫ್ರೇನಿಯಾ ಎಂದ ಮಾತ್ರಕ್ಕೆ ತಿಳಿವಳಿಕೆ ಇಲ್ಲ ಎಂದಲ್ಲ, ಔಷಧಿಯಲ್ಲಿ ಸ್ಥಿರವಾಗಿರುವ ಎಷ್ಟೋ ಜನ ತಾವೇ ದಾವೆ ನಡೆಸಬಲ್ಲರು. ಆ ವಿಚಾರಣೆ ಇರುವುದೇ ಅದಕ್ಕೆ. ಪಾಲಕರಾಗುವವರಿಗೆ ಅದೇ ಜಮೀನಿನಲ್ಲಿ ಎದುರು ಹಿತಾಸಕ್ತಿ ಇರಬಾರದು, ಅಂದರೆ ಅಣ್ಣಂದಿರು ಆಗುವಂತಿಲ್ಲ. ರಾಜಿ ಮಾಡಿಕೊಂಡರೆ ನಿಯಮ 7ರಂತೆ ಕೋರ್ಟಿನ ಅನುಮತಿ ರಾಜಿಗೆ ಮೊದಲೇ ಬೇಕು. ಅದಿಲ್ಲದ ರಾಜಿಯನ್ನು ತಮ್ಮನ ಪರವಾಗಿ ಮುಂದೆ ಪ್ರಶ್ನಿಸಬಹುದು.

ಪ್ರಶ್ನೆ: ತಂದೆ ನಮ್ಮೊಡನೆ ಇಲ್ಲಿದ್ದಾರೆ. ಪಾರ್ಶ್ವವಾಯುವಿನ ನಂತರ ಏನೂ ತಿಳಿಯುವುದಿಲ್ಲ. ಇಲ್ಲಿಯ ಕೋರ್ಟಿನಿಂದ ಕನ್ಸರ್ವೇಟರ್ (ಅವರ ಪಾಲಕ) ಆಗಲಿದ್ದೇನೆ. ಅದೇ ಆದೇಶದಿಂದ ಮೈಸೂರಿನ ಮನೆ ಮಾರಬಹುದೆ? (ಸ್ಯಾನ್ ಹೊಸೆ, ಕ್ಯಾಲಿಫೋರ್ನಿಯಾ)

ಆಗುವುದಿಲ್ಲ. ಅಲ್ಲಿಯ ಪ್ರೊಬೇಟ್ ಕೋರ್ಟು ನಿಮ್ಮನ್ನು ವ್ಯಕ್ತಿಗೆ, ಆಸ್ತಿಗೆ ಅಥವಾ ಎರಡಕ್ಕೂ ಕನ್ಸರ್ವೇಟರ್ ಆಗಿ ನೇಮಿಸಬಹುದು. ಕೋರ್ಟಿನ ತನಿಖಾಧಿಕಾರಿ ತಂದೆಯನ್ನು ನೋಡಲು ಬರುತ್ತಾರೆ, ಹತ್ತಿರದ ಬಂಧುಗಳಿಗೆ ನೋಟಿಸ್ ಹೋಗಬೇಕು. ಆಸ್ತಿಯ ಜವಾಬ್ದಾರಿಯಿದ್ದರೆ ಸಾಮಾನ್ಯವಾಗಿ ಬಾಂಡ್ ಕೇಳುತ್ತಾರೆ. 90 ದಿನದಲ್ಲಿ ಆಸ್ತಿ ಪಟ್ಟಿ, ಒಂದು ವರ್ಷಕ್ಕೆ ಮೊದಲ ಲೆಕ್ಕ, ಆಮೇಲೆ ಎರಡು ವರ್ಷಕ್ಕೊಮ್ಮೆ. ನಮ್ಮ ವ್ಯವಸ್ಥೆಗಿಂತ ಅದು ಎಷ್ಟೋ ಬಿಗಿ. ಅಷ್ಟಿದ್ದೂ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಅವರ ಕನ್ಸರ್ವೇಟರ್‌ಶಿಪ್ 2008ರಿಂದ 2021ರವರೆಗೆ ಎಳೆದದ್ದು ಗೊತ್ತೇ ಇದೆ. ಅದರ ನಂತರ ಕ್ಯಾಲಿಫೋರ್ನಿಯಾ ಕಾನೂನು ತಿದ್ದಿ, ಇದಕ್ಕಿಂತ ಹಗುರವಾದ ದಾರಿಗಳನ್ನು ಮೊದಲು ಪರಿಶೀಲಿಸಬೇಕು ಎಂದಿತು. ಬುದ್ಧಿ ಸರಿಯಿದ್ದಾಗ ತಂದೆ ಅಲ್ಲಿ ಮುಕ್ತಿಯಾರು ಪತ್ರವನ್ನಾಗಲಿ ಲಿವಿಂಗ್ ಟ್ರಸ್ಟನ್ನಾಗಲಿ ಬರೆದಿದ್ದರೆ ಅಲ್ಲಿಯ ಆಸ್ತಿಗೆ ಕನ್ಸರ್ವೇಟರ್ ಬೇಕಾಗದೆ ಹೋಗಬಹುದು, ಕಾಗದಪತ್ರ ಹುಡುಕಿ.

ಮೈಸೂರಿನ ಮನೆ ಭಾರತದ ಸ್ಥಿರಾಸ್ತಿ, ಅದಕ್ಕೆ ಇಲ್ಲಿಯ ಕೋರ್ಟಿನ ಆದೇಶವೇ ಬೇಕು. ಬೆಂಗಳೂರಿನ ಪೀಠದಲ್ಲಿ ರಿಟ್ ಅರ್ಜಿ ಹಾಕಿ. ಅಲ್ಲಿಯ ಆದೇಶ ಮತ್ತು ವೈದ್ಯಕೀಯ ದಾಖಲೆಗಳನ್ನು ಅಪೊಸ್ಟಿಲ್ (ಬೇರೆ ದೇಶದಲ್ಲಿ ನಡೆಯುವ ಸರ್ಕಾರಿ ದೃಢೀಕರಣ) ಮಾಡಿಸಿ ಪುರಾವೆಯಾಗಿ ಸಲ್ಲಿಸಿ. ಅರ್ಜಿ ನಡೆಸಲು ಇಲ್ಲಿಯ ನಂಬಿಕಸ್ಥರಿಗೆ ನೀವು ನಿಮ್ಮ ಹೆಸರಿನಲ್ಲಿ ಮುಕ್ತಿಯಾರು ಕೊಡಬಹುದು. ಅದು ಭಾರತಕ್ಕೆ ತಲುಪಿದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಇದನ್ನು ಮರೆತೇ ಕೆಲವರ ಕೆಲಸ ಕೆಡುತ್ತದೆ. ಮೈಸೂರಿನಲ್ಲಿ ಅಕ್ಕ ತಮ್ಮ ಯಾರಾದರೂ ಇದ್ದರೆ ಅವರನ್ನು ಜಂಟಿ ಪಾಲಕರಾಗಿ ಕೇಳುವುದು ಉತ್ತಮ. ವರದಿ ಕೊಡಲು, ಕೋರ್ಟು ಕರೆದಾಗ ಹಾಜರಾಗಲು ಇಲ್ಲಿ ಒಬ್ಬರು ಇರುತ್ತಾರೆ.

ಪ್ರಶ್ನೆ: ಅಣ್ಣ ಅಪ್ಪನ ಪಾಲಕನಾಗಿ ವರ್ಷದ ಮೇಲಾಯಿತು. ಬಾಡಿಗೆ ಎಲ್ಲಿ ಹೋಗುತ್ತದೆಂದು ಹೇಳುವುದಿಲ್ಲ. ಕೇಳಿದರೆ 'ಕೋರ್ಟು ನನಗೆ ಕೊಟ್ಟಿದೆ' ಅನ್ನುತ್ತಾನೆ. (ಶಿವಮೊಗ್ಗ)

ಕೋರ್ಟು ಕೊಟ್ಟದ್ದು ಕೆಲಸವನ್ನು, ಆಸ್ತಿಯನ್ನಲ್ಲ. ಮೊದಲು ಆದೇಶದ ದೃಢೀಕೃತ ಪ್ರತಿ ಪಡೆದು ಯಾವ ಆಸ್ತಿಗೆ, ಯಾವ ಅಧಿಕಾರಕ್ಕೆ, ಯಾವ ಷರತ್ತಿಗೆ ನೇಮಕ ಎಂದು ಓದಿ. ಲೆಕ್ಕ ಸಲ್ಲಿಸುವ ಷರತ್ತಿದ್ದರೆ ಈವರೆಗೆ ಸಲ್ಲಿಸಿದ ವರದಿಗಳ ಪ್ರತಿಗೂ ಅರ್ಜಿ ಹಾಕಿ. ಅವು ಇಲ್ಲದಿರುವುದೇ ನಿಮಗೆ ಬೇಕಾದ ಪುರಾವೆ. ಬಳಿಕ ಬಾಡಿಗೆದಾರರಿಂದ ಎಷ್ಟು, ಯಾರ ಖಾತೆಗೆ ಎಂಬ ವಿವರ ಕಲೆಹಾಕಿ, ಸ್ಪೀಡ್ ಪೋಸ್ಟಿನಲ್ಲಿ ಅಣ್ಣನಿಗೆ ಲೆಕ್ಕ ಕೇಳಿ ಪತ್ರ ಬರೆಯಿರಿ. 15 ದಿನದಲ್ಲಿ ಉತ್ತರ ಬಾರದಿದ್ದರೆ ನೇಮಿಸಿದ ಕೋರ್ಟಿಗೇ, ಅದೇ ಪ್ರಕರಣದ ಸಂಖ್ಯೆಯಲ್ಲಿ ಲೆಕ್ಕ ತರಿಸಲು, ಬದಲಾಯಿಸಲು ಅಥವಾ ನಿಮ್ಮನ್ನು ಜಂಟಿ ಪಾಲಕರಾಗಿ ಸೇರಿಸಲು ಅರ್ಜಿ. ನೇಮಿಸಿದ್ದು ನ್ಯಾಷನಲ್ ಟ್ರಸ್ಟ್ ಸಮಿತಿಯಾದರೆ ಆ ಕಾಯ್ದೆಯ 17ನೇ ಕಲಂ ಕೆಳಗೆ ಸಮಿತಿಗೇ ದೂರು. ನಿರ್ಲಕ್ಷ್ಯಕ್ಕೂ ಹಣ ದುರುಪಯೋಗಕ್ಕೂ ಪಾಲಕರನ್ನು ತೆಗೆಯುವ ಅಧಿಕಾರ ಅದಕ್ಕಿದೆ.

ಹಣ ಸ್ವಂತಕ್ಕೆ ಬಳಸಿದ್ದು ದಾಖಲೆಯಲ್ಲೇ ಕಂಡರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ನಂಬಿಕೆದ್ರೋಹದ ದೂರು ಕೊಡಬಹುದು. ಅದನ್ನು ಮೊದಲ ಹೆಜ್ಜೆ ಮಾಡಬೇಡಿ. ಪೊಲೀಸ್ ಠಾಣೆ 'ಇದು ಸಿವಿಲ್' ಎಂದು ಕಳಿಸುತ್ತದೆ, ಅಣ್ಣ ಅದೇ ಹಿಂಬರಹ ತೋರಿಸಿ ಕೋರ್ಟಿನಲ್ಲಿ ನಿಮ್ಮದು ದ್ವೇಷದ ಅರ್ಜಿ ಅನ್ನುತ್ತಾನೆ. ಅಪ್ಪ ತೀರಿಕೊಂಡ ದಿನವೇ ಅವನ ಪಾಲಕತ್ವ ಮುಗಿಯುತ್ತದೆ. ಉಳಿದ ಹಣ ವಾರಸುದಾರರೆಲ್ಲರದು. ಆಮೇಲೆ ತೆಗೆದ ಒಂದು ರೂಪಾಯಿಗೂ ಅವನಿಗೆ ಅಧಿಕಾರವಿಲ್ಲ. ಬ್ಯಾಂಕಿಗೆ ಮರಣ ಪ್ರಮಾಣಪತ್ರ ತಲುಪಿಸುವ ಕೆಲಸವನ್ನು ಅಣ್ಣನಿಗೆ ಬಿಡದೆ ನೀವೇ ಮಾಡಿ, ಸ್ವೀಕೃತಿ ಇಟ್ಟುಕೊಳ್ಳಿ.